ಸೈಕಲ್ಲಿಗೊಂದು ಹಗಲು ದೀವಟಿಗೆ

ಮೊಮ್ಮಕ್ಕಳನ್ನು ನೋಡಲು ಊರಿನಿಂದ ಮೆಲ್ಬರ್ನಿನ ಟಾರ್ನೀಟಿಗೆ ಬರುವ ಅಜ್ಜ–ಅಜ್ಜಿಯರು ಬೆಳಗಿನ ವಾಕಿಂಗಿನಲ್ಲಿ ಕಂಡು ನಗುವ ಸಂಗತಿಗಳಲ್ಲಿ ಇದೂ ಒಂದು. ಬಿಸಿಲು ಬಿದ್ದು ಗಂಟೆಯಾಗಿರುತ್ತದೆ, ಎದುರಿಗೆ ಬರುವ ಸೈಕಲ್ಲಿನ ಹ್ಯಾಂಡಲ್ ಮೇಲೆ ಬಿಳಿ ಲೈಟು ಪಳಕ್ ಪಳಕ್ ಎನ್ನುತ್ತಿರುತ್ತದೆ. ದಾಟಿ ಹೋದ ಮೇಲೆ ತಿರುಗಿ ನೋಡಿದರೆ ಸೀಟಿನ ಕೆಳಗೆ ಕೆಂಪು ಲೈಟು ಬೇರೆ. "ಆರಿಸೋದು ಮರೆತಿದಾನೆ ಕಣೋ ಪಾಪ, ಕೂಗಿ ಹೇಳು" ಎನ್ನುತ್ತಾರೆ ಅಜ್ಜ. ನಮ್ಮೂರಿನ ರಸ್ತೆಗಳ ಹಳೆಯ ಸೌಜನ್ಯ ಅದು. ಹಗಲಲ್ಲಿ ಯಾರಾದರೂ ಹೆಡ್‌ಲೈಟ್ ಹಾಕಿಕೊಂಡು ಬಂದರೆ ಎದುರಿನ ಹತ್ತು ಜನ ಬೆರಳು ಮುಚ್ಚಿ ತೆರೆದು ಸನ್ನೆ ಮಾಡುತ್ತಿದ್ದರು. 2017ರ ಏಪ್ರಿಲ್ 1ರಿಂದ ಭಾರತದಲ್ಲಿ ಹೊಸ ಸ್ಕೂಟರ್, ಬೈಕುಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಹೊತ್ತಿಕೊಳ್ಳಬೇಕೆಂಬ ನಿಯಮ ಬಂತು. ಆಮೇಲೂ ಒಂದೆರಡು ವರ್ಷ ಜನ ಸನ್ನೆ ಮಾಡಿದರು, ಸವಾರರು "ಆರಲ್ಲ ಸಾರ್" ಎಂದು ಕೈಯಾಡಿಸಿದರು, ಕೊನೆಗೆ ಎಲ್ಲರಿಗೂ ಸಾಕಾಯಿತು.

ಹಗಲಲ್ಲಿ ದೀಪ ನಮಗೆ ಹೊಸದೂ ಅಲ್ಲ. ಮಠದ ಅಡ್ಡಪಲ್ಲಕ್ಕಿಯ ಮುಂದೆ ಹಗಲು ದೀವಟಿಗೆ ಹಿಡಿದು ನಡೆಯುವವರನ್ನು ಕಂಡವರಿದ್ದಾರೆ. ಆ ದೀವಟಿಗೆಯಿಂದ ಯಾರಿಗೂ ದಾರಿ ಕಾಣಬೇಕಿಲ್ಲ. ಬರುತ್ತಿರುವವರನ್ನು ಜನ ಗಮನಿಸಬೇಕು, ಸರಿದು ದಾರಿ ಬಿಡಬೇಕು, ಅಷ್ಟೆ. ಸೈಕಲ್ಲಿನ ಹಗಲು ಲೈಟಿನ ಕೆಲಸವೂ ಅದೇ. ಹಾಗಾದರೆ ಅದು ನಿಜವಾಗಿ ಕೆಲಸ ಮಾಡುತ್ತದೆಯೇ, ಯಾವ ಹೊತ್ತಿನಲ್ಲಿ ಹೆಚ್ಚು ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಟಾರ್ನೀಟಿನಂಥ ಬಡಾವಣೆಯಲ್ಲಿ ಇದಕ್ಕೆ ವಿಶೇಷ ಕಾರಣವೂ ಇದೆ.

ಟಾರ್ನೀಟ್ ಮೆಲ್ಬರ್ನ್ ನಗರದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ವಿಂಡಮ್ ನಗರಸಭೆಯ ವ್ಯಾಪ್ತಿಯಲ್ಲಿದೆ. ಮರವಿಲ್ಲದ ಬಯಲಾಗಿದ್ದ ಜಾಗ. 2015ರಲ್ಲಿ ರೈಲು ನಿಲ್ದಾಣ ತೆರೆಯಿತು, ಮನೆಗಳು ಸಾಲುಗಟ್ಟಿದವು, 2021ರ ಜನಗಣತಿ ಹೊತ್ತಿಗೆ ಜನಸಂಖ್ಯೆ 56 ಸಾವಿರ ದಾಟಿತ್ತು. ಅದರಲ್ಲಿ ಭಾರತದಿಂದ ಬಂದವರ ಪಾಲು ದೊಡ್ಡದು. ಪಂಜಾಬಿಯ ಸದ್ದು ಹೆಚ್ಚು. ತೆಲುಗು, ಗುಜರಾತಿಗಳ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಕೆಲಸ ಪೂರ್ವದಲ್ಲಿ, ಮನೆ ಪಶ್ಚಿಮದಲ್ಲಿ. ಬೆಳಿಗ್ಗೆ ಪೂರ್ವಕ್ಕೆ ಕಾರು ಓಡಿಸುವಾಗ ಸೂರ್ಯ ಮುಖಕ್ಕೆ, ಸಂಜೆ ಪಶ್ಚಿಮಕ್ಕೆ ಮರಳುವಾಗ ಮತ್ತೆ ಮುಖಕ್ಕೆ. ನಗರದ ಪೂರ್ವದಲ್ಲಿ ಮನೆ ಕೊಂಡವರಿಗೆ ಎರಡು ಹೊತ್ತೂ ಸೂರ್ಯ ಬೆನ್ನಿಗಿರುತ್ತಾನೆ. ಮನೆ ಕೊಳ್ಳುವಾಗ ಬಾಗಿಲು ಯಾವ ದಿಕ್ಕಿಗಿದೆ ಎಂದು ವಾಸ್ತು ನೋಡುವ ನಾವು ಆಫೀಸು ಯಾವ ದಿಕ್ಕಿಗಿದೆ ಎಂದು ನೋಡುವುದಿಲ್ಲ. ಸಿಡ್ನಿಯಲ್ಲೂ ಇದೇ ಕತೆ: ಪರಮಟ್ಟಾ, ವೆಸ್ಟ್‌ಮೀಡ್, ಟೂಂಗಾಬಿ ಕಡೆಯ ಕುಟುಂಬಗಳು ಪೂರ್ವದ ನಗರಕ್ಕೆ ಹೋಗಿ ಬರುವುದು ಸೂರ್ಯನಿಗೆ ಎದುರಾಗಿಯೇ.

ಈ ಸೂರ್ಯ ಊರಿನ ಸೂರ್ಯನಂತೆ ನೆತ್ತಿಗೇರುವವನೂ ಅಲ್ಲ. ಬೆಂಗಳೂರಿನಲ್ಲಿ ಡಿಸೆಂಬರಿನ ಚಳಿಯಲ್ಲೂ ನಡುಮಧ್ಯಾಹ್ನ ಅವನು ದಿಗಂತದಿಂದ 53 ಡಿಗ್ರಿ ಮೇಲಿರುತ್ತಾನೆ. ಮೆಲ್ಬರ್ನಿನಲ್ಲಿ ಜೂನ್ ಕೊನೆಯ ಮಧ್ಯಾಹ್ನ ಅವನ ಎತ್ತರ 29 ಡಿಗ್ರಿ ಮಾತ್ರ. ಅಂದರೆ ಚಳಿಗಾಲದಲ್ಲಿ ಇಡೀ ದಿನ ಬೆಳಕು ಓರೆಯಾಗಿ ಬೀಳುತ್ತದೆ, ನೆರಳುಗಳು ಉದ್ದ, ಗಾಜಿನ ಮೇಲಿನ ಧೂಳೆಲ್ಲ ಹೊಳೆಯುತ್ತದೆ. ಇನ್ನೂ ಕೆಟ್ಟ ದಿನಗಳು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಕೊನೆಯವು. ಆಗ ಸೂರ್ಯ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ಟಾರ್ನೀಟಿನ ಲೀಕ್ಸ್ ರೋಡ್, ಸೇಯರ್ಸ್ ರೋಡ್, ಡೋಹರ್ಟೀಸ್ ರೋಡ್ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿಯೇ ಹಾದಿವೆ. ಮಾರ್ಚ್ ಕೊನೆಗೆ, ಬೇಸಿಗೆಗೆಂದು ಮುಂದಕ್ಕಿಟ್ಟ ಗಡಿಯಾರವನ್ನು ಇನ್ನೂ ಹಿಂದಕ್ಕೆ ತಿರುಗಿಸಿರದ ಕಾರಣ, ಸೂರ್ಯೋದಯ ಏಳೂಕಾಲರ ಮೇಲೆ. ಸರಿಯಾಗಿ ಎಲ್ಲರೂ ಮನೆ ಬಿಡುವ ಹೊತ್ತು. ಸೆಪ್ಟೆಂಬರ್ ಕೊನೆಗೆ ಸೂರ್ಯಾಸ್ತ ಆರೂಕಾಲರ ಸುಮಾರಿಗೆ. ಸರಿಯಾಗಿ ಎಲ್ಲರೂ ಮನೆಗೆ ಮರಳುವ ಹೊತ್ತು. ಅಂಥ ಹೊತ್ತಿನಲ್ಲಿ ಚಾಲಕನಿಗೆ ಮುಂದಿನ ರಸ್ತೆ ಬಿಳಿ ಪರದೆಯಂತಿರುತ್ತದೆ, ಅದರಲ್ಲಿ ಸೈಕಲ್ಲು ಒಂದು ಬೂದು ಗೀರು.

ಸೈಕಲ್ ಸವಾರರಿಗೆ ಇಲ್ಲಿ ಒಂದು ಸುಲಭದ ಗುರುತಿದೆ. ನಿಮ್ಮ ಉದ್ದನೆಯ ನೆರಳು ಯಾವ ದಿಕ್ಕಿಗೆ ಚಾಚಿದೆಯೋ ಆ ದಿಕ್ಕಿನಿಂದ ನಿಮ್ಮತ್ತ ಬರುವ ಚಾಲಕನ ಕಣ್ಣಿಗೆ ಸೂರ್ಯ ಹೊಡೆಯುತ್ತಿದ್ದಾನೆ. ನೆರಳು ಬೆನ್ನ ಹಿಂದೆ ಬಿದ್ದಿದ್ದರೆ ಹಿಂದಿನಿಂದ ಬರುವ ಕಾರು ಅಪಾಯದ್ದು. ನೆರಳು ಮುಂದಕ್ಕೆ ಬಿದ್ದಿದ್ದರೆ ನಿಮಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ, ಆದರೆ ಎದುರಿನಿಂದ ಬಂದು ನಿಮ್ಮ ದಾರಿಗೆ ಅಡ್ಡ ತಿರುಗಲಿರುವವನಿಗೆ ನೀವು ಕಾಣುವುದಿಲ್ಲ. ಎರಡನೆಯದು ಹೆಚ್ಚು ಮೋಸದ್ದು. ನಮಗೆ ಚೆನ್ನಾಗಿ ಕಂಡಾಗ ಅವರಿಗೂ ಕಂಡಿರುತ್ತದೆ ಎಂದೇ ಮನಸ್ಸು ನಂಬುತ್ತದೆ.

ಬಿಸಿಲು ಕಣ್ಣಿಗೆ ಬೀಳದಿದ್ದಾಗಲೂ ಚಾಲಕರು ಸೈಕಲ್ಲನ್ನು ಕಾಣದೆ ಹೋಗುತ್ತಾರೆ. ಡಿಕ್ಕಿಯಾದ ಮೇಲೆ ಈ ದೇಶದಲ್ಲಿ ಹೆಚ್ಚು ಕೇಳುವ ಮಾತು "ಸಾರಿ ಮೇಟ್, ನಿನ್ನನ್ನು ನೋಡಲೇ ಇಲ್ಲ" ಎಂಬುದು. ಇದು ಯಾವಾಗಲೂ ಸುಳ್ಳಲ್ಲ. ಕಣ್ಣು ಸ್ಪಷ್ಟವಾಗಿ ನೋಡುವುದು ತನ್ನ ದೃಷ್ಟಿಯ ನಡುವಿನ ಎರಡು ಡಿಗ್ರಿಯಷ್ಟು ಜಾಗವನ್ನು ಮಾತ್ರ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲ. ಮಿಕ್ಕದ್ದೆಲ್ಲ ಮಸುಕು. ಆ ಮಸುಕಿನಲ್ಲಿ ಏನಾದರೂ ಚಲಿಸಿದರೆ, ಮಿನುಗಿದರೆ ಮಾತ್ರ ಕಣ್ಣು ಅತ್ತ ಹೊರಳುತ್ತದೆ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವ ಕ್ಷಣದಲ್ಲಿ ಮಿದುಳು ಏನನ್ನೂ ಕಾಣದು. ಆ ಖಾಲಿಯನ್ನು ತಾನೇ ತುಂಬಿಕೊಂಡು ಎಲ್ಲವನ್ನೂ ನೋಡಿದೆ ಎಂಬ ಭ್ರಮೆ ಕೊಡುತ್ತದೆ. ಮೇಲಾಗಿ ಚಾಲಕ ಹುಡುಕುತ್ತಿರುವುದು ಕಾರು, ಲಾರಿಗಳನ್ನು. ಹುಡುಕದ ವಸ್ತು ಕಣ್ಣಿಗೆ ಬಿದ್ದರೂ ಗಮನಕ್ಕೆ ಬೀಳದು.

ರೌಂಡಬೌಟಿನಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ. ಟಾರ್ನೀಟಿನ ಒಳರಸ್ತೆಗಳಲ್ಲಿ ಅವಕ್ಕೇನೂ ಕೊರತೆಯಿಲ್ಲ. ಒಳಗೆ ಬರುವ ಚಾಲಕ ಬಲಕ್ಕೆ ನೋಡುತ್ತಾನೆ, ಒಳಗಿರುವ ವಾಹನಕ್ಕೆ ದಾರಿ ಬಿಡಬೇಕು. ಆ ಬಲಗಡೆಯಿಂದ ನೀವು ಸೈಕಲ್ಲಿನಲ್ಲಿ ಬರುತ್ತಿದ್ದೀರಿ. ಇಬ್ಬರೂ ಒಂದೇ ಬಿಂದುವಿಗೆ ಒಂದೇ ಕ್ಷಣಕ್ಕೆ ತಲುಪುವಂತಿದ್ದರೆ, ಚಾಲಕನ ಗಾಜಿನಲ್ಲಿ ನೀವು ಇದ್ದ ಜಾಗದಲ್ಲೇ ನಿಂತಂತೆ ಕಾಣುತ್ತೀರಿ. ಅತ್ತ ಇತ್ತ ಸರಿಯುವುದಿಲ್ಲ. ತುಸುತುಸುವೇ ದೊಡ್ಡದಾಗುತ್ತೀರಿ, ಕೊನೆಯ ಎರಡು ಸೆಕೆಂಡಿನಲ್ಲಿ ದಿಢೀರನೆ ದೊಡ್ಡದಾಗುತ್ತೀರಿ. ಡಿಕ್ಕಿಯ ದಾರಿಯಲ್ಲಿರುವ ವಸ್ತುವೇ ಚಲನೆಯಿಲ್ಲದೆ ಕಾಣುವುದು ಲೆಕ್ಕದ ಕ್ರೌರ್ಯ. ಹಡಗಿನವರು, ವಿಮಾನದವರು ಇದನ್ನು ಬಹಳ ಹಿಂದೆಯೇ ಕಲಿತಿದ್ದಾರೆ. ಸಾಲದ್ದಕ್ಕೆ ಕಾರಿನ ಮುಂಗಾಜಿನ ಪಕ್ಕದ ಕಂಬ. ಇಲ್ಲಿನ ಚಾಲಕ ಬಲಕ್ಕೆ ಕೂರುವುದರಿಂದ ಬಲಗಂಬ ಅವನ ಮುಖಕ್ಕೆ ತೀರಾ ಹತ್ತಿರ. ಒಂದು ಸೈಕಲ್ಲನ್ನು ಸವಾರನ ಸಮೇತ ಅದು ಅನಾಯಾಸವಾಗಿ ನುಂಗುತ್ತದೆ. ಸೈಕಲ್ಲೂ ಕಾರೂ ಹೀಗೆ ಹೊಂದಿಕೊಂಡು ಚಲಿಸಿದರೆ ಸವಾರ ಹಲವು ಸೆಕೆಂಡು ಕಂಬದ ಮರೆಯಲ್ಲೇ ಉಳಿಯಬಹುದು.

ಮಿಣುಕುವ ಲೈಟಿನ ಉಪಯೋಗ ಈಗ ತಿಳಿಯಾಗುತ್ತದೆ. ಗಾಜಿನ ಮೇಲೆ ಸರಿಯದೆ ನಿಂತ ಬೂದು ಚುಕ್ಕೆಗೆ ಅದು ಚಲನೆಯನ್ನು ಕೊಡುತ್ತದೆ. ಹೊತ್ತಿ ಆರುವುದನ್ನು ಕಣ್ಣಿನ ಅಂಚು ಚಲನೆಯಂತೆಯೇ ಹಿಡಿಯುತ್ತದೆ. ಕಂಬದ ಹಿಂದೆ ಅಡಗಿದ್ದರೆ ಯಾವ ಲೈಟೂ ಕಾಣದು, ಅದು ಬೇರೆ ಮಾತು. ನೇರ ರಸ್ತೆಯಲ್ಲಿ ಲಾಭ ಸಮಯದ್ದು. ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಮುಂದಿನ ಸೈಕಲ್ಲು 20ರಲ್ಲಿ ಹೋಗುತ್ತಿದ್ದರೆ ನಡುವಿನ ಅಂತರ ಸೆಕೆಂಡಿಗೆ 11 ಮೀಟರಿನಂತೆ ಕುಗ್ಗುತ್ತದೆ. 50 ಮೀಟರಿನಲ್ಲಿ ಕಂಡರೆ ಚಾಲಕನಿಗೆ ಸಿಗುವುದು ನಾಲ್ಕೂವರೆ ಸೆಕೆಂಡು. 150 ಮೀಟರಿನಲ್ಲೇ ಕೆಂಪು ಲೈಟು ಕಂಡರೆ ಹದಿಮೂರು ಸೆಕೆಂಡಿನ ಮೇಲೆ. ಪಕ್ಕದ ಲೇನು ನೋಡಿ, ಇಂಡಿಕೇಟರ್ ಹಾಕಿ, ನೆಮ್ಮದಿಯಾಗಿ ದಾಟಲು ಅಷ್ಟು ಸಾಕು.

ಇದೆಲ್ಲ ತರ್ಕ. ಪುರಾವೆ ಏನಿದೆ? ಹೆಚ್ಚು ಉಲ್ಲೇಖವಾಗುವುದು ಡೆನ್ಮಾರ್ಕಿನ ಓಡೆನ್ಸೆ ನಗರದ ಪ್ರಯೋಗ. 2004–05ರಲ್ಲಿ ಅಲ್ಲಿ 1,845 ಸೈಕಲ್ಲುಗಳಿಗೆ ಹಗಲೂ ರಾತ್ರಿಯೂ ಆರದ ಲೈಟು ಕೂಡಿಸಿದರು. ಕಡ್ಡಿಗಳಿಗೆ ಸಿಕ್ಕಿಸಿದ ಅಯಸ್ಕಾಂತದಿಂದ ವಿದ್ಯುತ್ತು, ಬ್ಯಾಟರಿ ಇಲ್ಲ, ಸ್ವಿಚ್ಚೂ ಇಲ್ಲ. (ನಮ್ಮ ಹಳೆಯ ಡೈನಮೋ ಟೈರಿಗೆ ಉಜ್ಜಿ ಗುಂಯ್‌ಗುಡುತ್ತ ತುಳಿಯುವವನ ಜೀವ ಹಿಂಡುತ್ತಿತ್ತು, ಇದಕ್ಕೆ ಉಜ್ಜಾಟವಿಲ್ಲ.) ಲೈಟಿಲ್ಲದ 2,000 ಸವಾರರನ್ನು ಹೋಲಿಕೆಗೆ ಇಟ್ಟುಕೊಂಡರು. ಒಂದು ವರ್ಷದ ಲೆಕ್ಕ ನೋಡಿದಾಗ ಲೈಟಿದ್ದವರಲ್ಲಿ ಗಾಯವಾದ ಅಪಘಾತಗಳ ಪ್ರಮಾಣ ಶೇ. 19ರಷ್ಟು ಕಡಿಮೆ ಇತ್ತು. ಇನ್ನೊಬ್ಬರು ಭಾಗಿಯಾದ ಅಪಘಾತಗಳೂ ಗಮನಾರ್ಹವಾಗಿ ತಗ್ಗಿದ್ದವು.

ಕುಣಿದಾಡುವ ಮುನ್ನ ಒಂದು ಸಂದೇಹ ಉಳಿಯುತ್ತದೆ. ಅಪಘಾತಗಳನ್ನು ವರದಿ ಮಾಡಿದವರು ಸವಾರರೇ. ಹೊಸ ಲೈಟು ಸಿಕ್ಕವನಿಗೆ ಅದು ಒಳ್ಳೆಯದೇ ಮಾಡಿದೆ ಎನ್ನಿಸುವುದು ಸಹಜ, ಸಣ್ಣಪುಟ್ಟದ್ದನ್ನು ಬರೆಯದೆ ಬಿಟ್ಟಿರಬಹುದು. ಈ ದೋಷ ಎಷ್ಟು ದೊಡ್ಡದಿರಬಹುದು ಎಂಬ ಅಂದಾಜು ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ ಸಿಗುತ್ತದೆ. ಅಲ್ಲಿ 6,793 ಸ್ವಯಂಸೇವಕರಲ್ಲಿ ಚೀಟಿ ಎತ್ತಿದಂತೆ ಸುಮಾರು ಅರ್ಧ ಜನರಿಗೆ ಢಾಳಾದ ಹಳದಿ ಜಾಕೆಟ್ ಕೊಟ್ಟರು. ಜಾಕೆಟ್ ತೊಟ್ಟವರಲ್ಲಿ ಗಾಯದ ಅಪಘಾತಗಳು ಶೇ. 47 ಕಡಿಮೆ ಎಂದು ಬಂತು. ಆದರೆ ಯಾರೂ ಅಡ್ಡ ಬರದೆ ತಾವೇ ಜಾರಿ ಬಿದ್ದ ಪ್ರಸಂಗಗಳೂ ಅವರಲ್ಲಿ ಕಡಿಮೆ ಇದ್ದವು! ಒದ್ದೆ ಎಲೆಯ ಮೇಲೆ ಚಕ್ರ ಜಾರುವುದನ್ನು ಹಳದಿ ಬಣ್ಣ ಹೇಗೆ ತಡೆದೀತು? ಅಂದರೆ ವರದಿಯಲ್ಲೇ ಒಲವಿತ್ತು. ಅದನ್ನು ಕಳೆದು ಮತ್ತೆ ಲೆಕ್ಕ ಹಾಕಿದಾಗ ಉಳಿದದ್ದು ಶೇ. 38. ನನ್ನ ಮಟ್ಟಿಗೆ ಆ ಅಧ್ಯಯನದ ಮೇಲೆ ನಂಬಿಕೆ ಹುಟ್ಟಿಸಿದ್ದು ಈ ಕಳೆಯುವಿಕೆಯೇ. ಲೈಟಿನ ಅಂಗಡಿಯವರು ಯಾವ ಸಂಖ್ಯೆಯನ್ನಾದರೂ ಹೇಳಲಿ, ನಾವು ಹಿಡಿಯಬೇಕಾದದ್ದು ಇಷ್ಟು: ಎದ್ದು ಕಾಣುವುದರಿಂದ ಲಾಭವಿದೆ, ಅದು ಪವಾಡದಷ್ಟಲ್ಲ.

ಹಳದಿ ಜಾಕೆಟ್ಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಅದು ಕಣ್ಣು ಕೋರೈಸುವುದು ಸೂರ್ಯನ ಕಾಣದ ನೇರಳಾತೀತ ಕಿರಣವನ್ನು ಕಾಣುವ ಬೆಳಕಾಗಿ ಮಾರ್ಪಡಿಸುವುದರಿಂದ. ರಾತ್ರಿ ಹೆಡ್‌ಲೈಟಿನಲ್ಲಿ ಆ ಕಿರಣ ಸಾಕಷ್ಟಿಲ್ಲ, ಹಾಗಾಗಿ ಜಾಕೆಟ್ ಮಂಕಾಗುತ್ತದೆ. ಕತ್ತಲಲ್ಲಿ ಬೇಕಾದದ್ದು ಬೆಳಕನ್ನು ಬಂದ ಕಡೆಗೇ ಹಿಂದಿರುಗಿಸುವ ರಿಫ್ಲೆಕ್ಟರ್ ಪಟ್ಟಿ. ಅದನ್ನು ಕಣಕಾಲು, ಮೊಣಕಾಲಿಗೆ ಕಟ್ಟಿದರೆ ಇನ್ನೂ ಒಳ್ಳೆಯದು. ಮೇಲೆ ಕೆಳಗೆ ಆಡುವ ಕಾಲನ್ನು ಕಂಡ ಕೂಡಲೆ ಚಾಲಕನ ಮನಸ್ಸು ಇದು ಮನುಷ್ಯ ಎಂದು ಗುರುತಿಸುತ್ತದೆ. ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ರಸ್ತೆಯಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ.

ಇನ್ನು ಯಾವ ಲೈಟು? ಮನೆಯ ಡ್ರಾಯರಿನಲ್ಲಿ ಬಿದ್ದಿರುವ, ಹೆಲ್ಮೆಟ್ ಜೊತೆ ಪುಕ್ಕಟೆ ಬಂದ ಪುಟ್ಟ ಲೈಟು ಹಗಲಿಗೆ ಆಗದು. ಬೀದಿದೀಪದ ಕೆಳಗೆ ರಸ್ತೆಯ ಮೇಲೆ ಬೀಳುವ ಬೆಳಕು ಹತ್ತಿಪ್ಪತ್ತು ಲಕ್ಸ್. ಬಿರುಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್. ರಾತ್ರಿ ಕಣ್ಣಿಗೆ ಚುಚ್ಚುವ ಲೈಟು ಮಧ್ಯಾಹ್ನ ಹೊತ್ತಿದೆಯೋ ಇಲ್ಲವೋ ಎಂದು ಕೈ ಅಡ್ಡ ಹಿಡಿದು ನೋಡಬೇಕಾಗುತ್ತದೆ. ಡಬ್ಬಿಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನಷ್ಟೇ ನಂಬಬೇಡಿ. ಲ್ಯೂಮೆನ್ ಎಂದರೆ ಎಲ್ಲ ದಿಕ್ಕಿಗೂ ಹೊರಡುವ ಒಟ್ಟು ಬೆಳಕು. ದೂರದ ಚಾಲಕನಿಗೆ ಮುಟ್ಟುವುದು ಅವನತ್ತ ಹೋದ ಪಾಲು ಮಾತ್ರ, ದೂರ ಎರಡರಷ್ಟಾದರೆ ಅದೂ ಕಾಲು ಭಾಗಕ್ಕೆ ಇಳಿಯುತ್ತದೆ. ಒಳ್ಳೆಯ ಮಸೂರದಿಂದ ಬೆಳಕನ್ನು ಹಿಂದಕ್ಕೆ ಕೇಂದ್ರೀಕರಿಸಿದ ಲೈಟು ಕಡಿಮೆ ಲ್ಯೂಮೆನ್ನಿನಲ್ಲೂ ಗೆಲ್ಲುತ್ತದೆ. ಹಾಗಾಗಿ ಹಗಲಿಗೆಂದೇ ಪ್ರತ್ಯೇಕ ಮೋಡ್ ಇರುವುದನ್ನು ಆರಿಸುವುದು ಸುಲಭದ ದಾರಿ. ಆ ಮೋಡಿನಲ್ಲಿ ಅದು ಚುಟುಕಾಗಿ, ಜೋರಾಗಿ, ಒಂದೇ ತಾಳವಿಲ್ಲದೆ ಮಿಂಚುತ್ತದೆ. ಹೆಚ್ಚು ಹೊತ್ತು ಆರಿಯೇ ಇರುವುದರಿಂದ ಬ್ಯಾಟರಿಯೂ ಬಾಳುತ್ತದೆ.

ಮಿಣುಕಬೇಕೋ ಒಂದೇ ಸಮ ಉರಿಯಬೇಕೋ ಎಂಬ ಜಗಳ ಹಳೆಯದು. ಜರ್ಮನಿಯಲ್ಲಿ ಸೈಕಲ್ಲಿಗೆ ಮಿಣುಕು ಲೈಟೇ ಕಾನೂನುಬಾಹಿರ. ಬ್ರಿಟನ್ ಅದನ್ನು ಒಪ್ಪಿಕೊಂಡಿದ್ದು 2005ರಲ್ಲಿ. ಎರಡೂ ಕಡೆ ಸ್ವಲ್ಪ ಸ್ವಲ್ಪ ಸತ್ಯವಿದೆ. ಮಿಣುಕು ಗಮನ ಸೆಳೆಯುತ್ತದೆ, ಆದರೆ ಆ ಚುಕ್ಕೆ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಅಳೆಯಲು ಕಣ್ಣಿಗೆ ನಿರಂತರ ಬೆಳಕು ಬೇಕು. ಹಗಲಲ್ಲಿ ಮಿಣುಕು ಗಮನ ಸೆಳೆದ ಮೇಲೆ ಸವಾರನ ಇಡೀ ಆಕಾರ ಕಾಣುತ್ತದೆ, ಅಳತೆ ತಾನಾಗಿ ಸಿಗುತ್ತದೆ. ರಾತ್ರಿ ಕಾಣುವುದು ಚುಕ್ಕೆ ಮಾತ್ರ. ಆದ್ದರಿಂದ ಹಗಲಿಗೆ ಮಿಣುಕು, ರಾತ್ರಿಗೆ ಸ್ಥಿರ. ಟಾರ್ನೀಟಿನ ಸ್ಕೆಲಿಟನ್ ಕ್ರೀಕ್ ದಂಡೆಯ ಹಾದಿಯಂಥ ಕಡೆ ವಾಕಿಂಗ್ ಬಂದವರ ಕಣ್ಣಿಗೆ ಮುಂದಿನ ಲೈಟನ್ನು ರಾಚಿಸಿಕೊಂಡು ಹೋಗುವುದು ಶುದ್ಧ ಒರಟುತನ. ಅಲ್ಲಿ ತಗ್ಗಿಸಿ, ನೆಲಕ್ಕೆ ಬಾಗಿಸಿ.

ಕಾನೂನು ಹಗಲು ಲೈಟನ್ನು ಕೇಳುವುದಿಲ್ಲ. ವಿಕ್ಟೋರಿಯ, ನ್ಯೂ ಸೌತ್ ವೇಲ್ಸ್ ಎರಡರಲ್ಲೂ ನಿಯಮ ಒಂದೇ: ರಾತ್ರಿ ಹಾಗೂ ಮಂಜು, ಮಳೆಯಿಂದ ನೋಟ ಮಸುಕಾದಾಗ ಮುಂದೆ ಬಿಳಿ, ಹಿಂದೆ ಕೆಂಪು ಲೈಟು 200 ಮೀಟರಿನಿಂದ ಕಾಣಬೇಕು, ಹಿಂದೆ ಕೆಂಪು ರಿಫ್ಲೆಕ್ಟರ್ 50 ಮೀಟರಿನಿಂದ ಹೊಳೆಯಬೇಕು. ಆದರೆ ಇಲ್ಲಿ ರಾತ್ರಿ ಎಂದರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಕತ್ತಲಾದ ಮೇಲೆ ಎಂದಲ್ಲ. ಜೂನಿನಲ್ಲಿ ಮೆಲ್ಬರ್ನಿನ ಸೂರ್ಯ ಸಂಜೆ 5 ಗಂಟೆ 8 ನಿಮಿಷಕ್ಕೇ ಮುಳುಗುತ್ತಾನೆ. ಇನ್ನೂ ಬೆಳಕಿದೆಯಲ್ಲ ಎಂದು ಐದೂವರೆಗೆ ಲೈಟಿಲ್ಲದೆ ಮನೆಗೆ ಬರುವ ಹುಡುಗ ಆಗಲೇ ನಿಯಮ ಮುರಿದಿರುತ್ತಾನೆ.

ಹಾಗಾದರೆ ಹಗಲಲ್ಲೂ ಕಡ್ಡಾಯ ಮಾಡಬಾರದೇಕೆ? ಬೇಡ ಎನ್ನುವುದು ನನ್ನ ಅಭಿಪ್ರಾಯ. 1990ರಲ್ಲಿ ವಿಕ್ಟೋರಿಯ ಜಗತ್ತಿನಲ್ಲೇ ಮೊದಲು ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅದರಿಂದ ತಲೆ ಉಳಿದವೋ ಸೈಕಲ್ ತುಳಿಯುವವರೇ ಕಡಿಮೆಯಾದರೋ ಎಂಬ ವಾದ ಇನ್ನೂ ಮುಗಿದಿಲ್ಲ. ಲೈಟನ್ನು ಕಡ್ಡಾಯ ಮಾಡಿದರೆ ದಂಡ ಬೀಳುವುದು ಬ್ಯಾಟರಿ ಮುಗಿದ ಊಟದ ಡೆಲಿವರಿ ಹುಡುಗನಿಗೆ, ಓದಲು ಬಂದು ರಾತ್ರಿ ಹಗಲು ದುಡಿಯುವ ನಮ್ಮ ಮಕ್ಕಳಿಗೆ. ಡಿಕ್ಕಿ ಹೊಡೆದವನ ವಕೀಲನಿಗೆ "ಲೈಟು ಯಾಕೆ ಹಾಕಿರಲಿಲ್ಲ" ಎಂಬ ಅಸ್ತ್ರವೂ ಸಿಕ್ಕಂತೆ. 2020ರ ಕೊನೆಯಲ್ಲಿ ಎರಡು ತಿಂಗಳೊಳಗೆ ಐವರು ಡೆಲಿವರಿ ಸವಾರರು ಸತ್ತರು, ಹೆಚ್ಚಿನವರು ಸಿಡ್ನಿಯಲ್ಲಿ. ಆಮೇಲೆ ನ್ಯೂ ಸೌತ್ ವೇಲ್ಸ್ ಸರ್ಕಾರ ತಂದ ನಿಯಮ, ಎದ್ದು ಕಾಣುವ ಜಾಕೆಟ್ಟನ್ನು ಕಂಪನಿಗಳೇ ಸೈಕಲ್ ಸವಾರರಿಗೆ ಕೊಡಬೇಕು ಎಂದಿತು. ಹೊರೆಯನ್ನು ಹೊರಬಲ್ಲವರ ಮೇಲೆ ಹೊರಿಸಿದ್ದು ಸರಿಯಾದ ದಿಕ್ಕು. ಆಸ್ಟ್ರೇಲಿಯದಲ್ಲಿ ವರ್ಷಕ್ಕೆ ಮೂವತ್ತು–ನಲವತ್ತರ ಆಸುಪಾಸು ಸೈಕಲ್ ಸವಾರರು ರಸ್ತೆಯಲ್ಲಿ ಸಾಯುತ್ತಾರೆ. ಇದನ್ನು ತಗ್ಗಿಸುವುದರಲ್ಲಿ ಪ್ರತ್ಯೇಕ ಹಾದಿ, ಕಡಿಮೆ ವೇಗದ ಮಿತಿ ಇವುಗಳ ಪಾಲು ಯಾವ ಲೈಟಿನ ಪಾಲಿಗಿಂತಲೂ ದೊಡ್ಡದು. ಫೋನು ನೋಡುತ್ತ ಓಡಿಸುವವನಿಗೆ ಲೈಟು ಕಂಡೀತೆ?

ಈ ಲೇಖನ ಓದುವವರಲ್ಲಿ ಸೈಕಲ್ಲಿಗಿಂತ ಕಾರು ಓಡಿಸುವವರೇ ಹೆಚ್ಚು ಎಂಬುದೂ ಗೊತ್ತು. ರೌಂಡಬೌಟಿಗೆ ಬಂದಾಗ ಸೀಟಿನಲ್ಲಿ ಒಮ್ಮೆ ಮುಂದೆ ಬಾಗಿ ಕಂಬದಾಚೆ ಇಣುಕಿ. ಗಾಜಿನ ಒಳಬದಿಯನ್ನು ಒರೆಸಿ, ಸಂಜೆಯ ಬಿಸಿಲಲ್ಲಿ ಕೋರೈಸುವುದು ಅರ್ಧ ಆ ಕೊಳೆಯೇ. ವಿಕ್ಟೋರಿಯದಲ್ಲಿ 2021ರ ಏಪ್ರಿಲ್‌ನಿಂದ ಸೈಕಲ್ಲನ್ನು ದಾಟುವಾಗ 60ರವರೆಗಿನ ವೇಗಮಿತಿಯ ರಸ್ತೆಯಲ್ಲಿ 1 ಮೀಟರ್, ಅದಕ್ಕಿಂತ ಹೆಚ್ಚಿನದರಲ್ಲಿ 1.5 ಮೀಟರ್ ಬಿಡಲೇಬೇಕು. ಕಾರು ನಿಲ್ಲಿಸಿ ಇಳಿಯುವಾಗ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಮೈ ತಾನಾಗಿ ಬಲಕ್ಕೆ ತಿರುಗಿ ಹಿಂದಿನಿಂದ ಬರುವ ಸೈಕಲ್ ಕಾಣುತ್ತದೆ. ಹದಿಮೂರು ತುಂಬದ ಮಕ್ಕಳು ಇಲ್ಲಿ ಫುಟ್‌ಪಾತ್ ಮೇಲೆ ತುಳಿಯಬಹುದು, ಜೊತೆಗಿರುವ ದೊಡ್ಡವರೂ. ಹಾಗಾಗಿ ಗ್ಯಾರೇಜಿನಿಂದ ಕಾರು ಹಿಂದಕ್ಕೆ ತೆಗೆಯುವಾಗ ಅಪಾಯ ರಸ್ತೆಗಿಂತ ಮೊದಲೇ, ಬೇಲಿಯ ಪಕ್ಕದಲ್ಲೇ ಇರುತ್ತದೆ. ಮಗುವಿನ ಸೈಕಲ್ಲಿನ ಹ್ಯಾಂಡಲ್ ಮೇಲಿನ ಲೈಟು ಕೆಲಸಕ್ಕೆ ಬರುವುದು ಅಲ್ಲಿಯೇ.

ಲೈಟು ಕೊಂಡ ಮೇಲೆ ಕೂಡಿಸುವ ಜಾಗ ನೋಡಿಕೊಳ್ಳಿ. ಉದ್ದ ಜಾಕೆಟ್ಟಿನ ಅಂಚು, ಕ್ಯಾರಿಯರಿನ ಮೇಲಿನ ಚೀಲ, ಮಗುವಿನ ಸೀಟು ಇವು ಹಿಂಬದಿ ಲೈಟನ್ನು ಮುಚ್ಚುವುದೇ ಹೆಚ್ಚು. ಮೂತಿ ಆಕಾಶಕ್ಕೂ ಬೇಡ, ಟೈರಿಗೂ ಬೇಡ, ನೆಲಕ್ಕೆ ಸಮನಾಗಿರಲಿ. ಬಿಸಿಲಿರುವ ಒಂದು ಸಂಜೆ ಮನೆಯವರೊಬ್ಬರನ್ನು ಸೈಕಲ್ ಮೇಲೆ ಕೂರಿಸಿ, ದಿನವೂ ಹೊರುವ ಚೀಲದ ಸಮೇತ, ಹಾದಿಯಲ್ಲಿ 150 ಮೀಟರ್ ಪಶ್ಚಿಮಕ್ಕೆ ಕಳಿಸಿ ನೀವು ಹಿಂದಿನಿಂದ ನೋಡಿ. ನೇರ ಸೂರ್ಯನಿಗೆದುರಾಗಿ ಯಾವ ಲೈಟೂ ಪೂರ್ತಿ ಗೆಲ್ಲುವುದಿಲ್ಲ, ಅಂಥ ಅರ್ಧ ಗಂಟೆ ರಸ್ತೆ ಬಿಟ್ಟು ಹಾದಿ ಹಿಡಿಯುವುದೇ ಜಾಣತನ. ಆದರೆ ದಿಕ್ಕು ತಿರುಗಿಸಿ ಪೂರ್ವಕ್ಕೆ ಕಳಿಸಿದಾಗಲೂ ಕಾಣದಿದ್ದರೆ ಆ ಲೈಟು ಹಗಲಿನದ್ದಲ್ಲ. ಬಿಲ್ಲು ಇಟ್ಟುಕೊಂಡಿದ್ದರೆ ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬನ್ನಿ.